ದೊಡ್ಡ ಹಾಲ್‌ನ ಮೇಡಂ

ಇನ್ನೂರ ನಲವತ್ತು ವಿದ್ಯಾರ್ಥಿಗಳು ಒಂದೇ ಕೋಣೆಯಲ್ಲಿ ಕೂತಿದ್ದರೆ ಅಲ್ಲಿಂದ ಏನಾದರೊಂದು ಸದ್ದು ಬರಲೇಬೇಕು. ಪಾಠ ಮಾಡುವವರದ್ದಾದರೂ ಬರಬೇಕು, ಇಲ್ಲವೇ ಕೂತವರದ್ದಾದರೂ ಬರಬೇಕು. ಜಮಖಂಡಿಯ ಪದವಿ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷ ವಾಣಿಜ್ಯ ಕಲಿಸಿದ ನನಗೆ ಇಷ್ಟಂತೂ ಗೊತ್ತಿತ್ತು. ಹಾಗಾಗಿ ಅವತ್ತು ಮಧ್ಯಾಹ್ನ ಊಟದ ಡಬ್ಬಿ ತೊಳೆದುಕೊಂಡು ಬರುವಾಗ ದೊಡ್ಡ ಹಾಲ್‌ನಿಂದ ಪಿಟ್ಟೆನ್ನುವ ಸದ್ದೂ ಕೇಳದಿದ್ದಾಗ, ಹೊಸ ಮೇಡಂ ಕೈಚೆಲ್ಲಿರಬೇಕು, ಹುಡುಗರು ಎದ್ದು ಬಸ್‌ಸ್ಟ್ಯಾಂಡಿಗೆ ಹೋಗಿರಬೇಕು ಎಂದುಕೊಂಡೆ. ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಯಿತು.

ಖಾತ್ರಿ ಮಾಡಿಕೊಳ್ಳೋಣವೆಂದು ಕಿಟಕಿಯಲ್ಲಿ ಇಣುಕಿದೆ. ಹಾಲ್ ಕಿಕ್ಕಿರಿದಿತ್ತು. ನನ್ನ ಕ್ಲಾಸಿಗೆ ಹಾಜರಿಗೋಸ್ಕರ ಮಾತ್ರ ಬಂದುಹೋಗುವ ಮುಖಗಳೂ ಅಲ್ಲಿದ್ದವು. ಮೇಡಂ ವೇದಿಕೆಯ ಮೇಲಿರಲಿಲ್ಲ. ಹಾಲ್‌ನ ನಟ್ಟನಡುವೆ, ಚಪ್ಪಲಿ ಕಳಚಿಟ್ಟು, ಒಂದು ಬೆಂಚಿನ ಮೇಲೆ ಹತ್ತಿ ನಿಂತಿದ್ದರು. ಬೋರ್ಡಿನ ಮೇಲೆ ಒಂದು ಪ್ರಶ್ನೆ, ಅದರ ಕೆಳಗೆ ಮೂರು ಉತ್ತರಗಳಿದ್ದವು. ಅವರು ಎರಡೂ ಅಂಗೈಗಳನ್ನು ಮೇಲಕ್ಕೆತ್ತಿದ ಕೂಡಲೇ ಇಡೀ ಹಾಲ್ ಕೈ ಎತ್ತಿತು. ಕೆಲವರದು ಒಂದು ಬೆರಳು, ಕೆಲವರದು ಎರಡು, ಹಿಂದಿನ ಸಾಲುಗಳಲ್ಲಿ ಬರೀ ಮೂರು. ಮೇಡಂ ಒಮ್ಮೆ ಸುತ್ತ ಕಣ್ಣಾಡಿಸಿ ಗಾಳಿಯಲ್ಲಿ ಬೆರಳು ತಿರುವಿದರು. ಎಲ್ಲರೂ ಪಕ್ಕದವರ ಕಡೆ, ಹಿಂದಿನವರ ಕಡೆ ತಿರುಗಿ ಪಿಸುಮಾತಿನಲ್ಲಿ ವಾದಕ್ಕಿಳಿದರು. ಮೇಡಂ ಮುಷ್ಟಿ ಕಟ್ಟಿದರು. ಪಿಸುಮಾತು ನಿಂತುಹೋಯಿತು.

ಕಿಟಕಿಯ ಪಕ್ಕದ ಮೂರನೇ ಬೆಂಚಿನಲ್ಲಿ ಒಬ್ಬಳು ಮಾತ್ರ ಇನ್ನೂ ನಿಲ್ಲಿಸಿರಲಿಲ್ಲ. ಹಿಂದಿನ ಬೆಂಚಿನವಳ ಕಡೆ ಪೂರ್ತಿ ತಿರುಗಿ, ಎರಡೂ ಕೈ ಆಡಿಸುತ್ತ, ಕಣ್ಣರಳಿಸಿ ಏನನ್ನೋ ಸಾಧಿಸುತ್ತಿದ್ದಳು. ಅವಳು ನನ್ನ ಮಗಳು. ಮನೆಯಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುವವಳು, ನನ್ನ ಕ್ಲಾಸಿನಲ್ಲಿ ಅಷ್ಟನ್ನೂ ಕೊಡದವಳು. ನನ್ನ ಹೊಟ್ಟೆಯಲ್ಲಿ ಕೊಳ್ಳಿ ಇಟ್ಟಂತಾಯಿತು. ಅದಕ್ಕೆ ಬೇರೆ ಹೆಸರು ಕೊಡಲು ಆಮೇಲೆ ಬಹಳ ಪ್ರಯತ್ನಪಟ್ಟೆ. ಶಿಸ್ತು ಅಂದೆ, ಕಾಳಜಿ ಅಂದೆ, ಹುಡುಗರ ಭವಿಷ್ಯ ಅಂದೆ. ಅದು ಹೊಟ್ಟೆಕಿಚ್ಚೇ ಆಗಿತ್ತು.

ಆ ಹಾಲ್ ಮೊದಲು ನನ್ನದಾಗಿತ್ತು. ಹೊಸ ಕಟ್ಟಡ ಮುಗಿಯದೆ ಬಿ.ಕಾಂ. ಎರಡನೇ ವರ್ಷದ ಎರಡೂ ಸೆಕ್ಷನ್‌ಗಳನ್ನು ಒಟ್ಟಿಗೆ ಕೂರಿಸಬೇಕಾದಾಗ, ಅಷ್ಟು ಜನರನ್ನು ಮೈಕ್ ಇಲ್ಲದೆ ಹಿಡಿದಿಡಬಲ್ಲವನು ನಾನೊಬ್ಬನೇ ಎಂದು ಸಹೋದ್ಯೋಗಿಗಳು ಹೇಳುತ್ತಿದ್ದರು. ನನ್ನ ಗಂಟಲು ಅಂಥದ್ದು. ಗೇಟಿನ ಹತ್ತಿರ ಚಹಾ ಕುಡಿಯುವವರಿಗೂ ಮಾರುಕಟ್ಟೆಯ ನಾಲ್ಕು ಅಂಶಗಳು ಬಾಯಿಪಾಠ ಆಗಿದ್ದವು. ನನ್ನ ನೋಟ್ಸಿಗೂ ಹೆಸರಿತ್ತು. ತೇರದಾಳದ, ಚಿಮ್ಮಡದ ಮನೆಗಳಲ್ಲಿ ಅಣ್ಣ ಬರೆದುಕೊಂಡ ನೋಟ್‌ಬುಕ್ ತಮ್ಮನಿಗೆ, ತಮ್ಮನದು ತಂಗಿಗೆ ಹೋಗುತ್ತಿತ್ತು. ಯಾರೂ ಹೊಸದಾಗಿ ಬರೆಯುವ ಅಗತ್ಯವೇ ಇರಲಿಲ್ಲ, ಏಕೆಂದರೆ ನಾನು ಒಂದು ಅಲ್ಪವಿರಾಮವನ್ನೂ ಬದಲಿಸುತ್ತಿರಲಿಲ್ಲ. ಇದು ನನಗೆ ಹೆಮ್ಮೆಯ ವಿಷಯವಾಗಿತ್ತು.

ವಿಭಾಗದ ಮುಖ್ಯಸ್ಥನಾದ ಮೇಲೆ ಊಟದ ನಂತರದ ಆ ಅವಧಿಯನ್ನು ನಾನೇ ಬಿಟ್ಟುಕೊಟ್ಟೆ. ಯಾರಿಗೂ ಬೇಡವಾದ ಅವಧಿ ಅದು. ಹೊಟ್ಟೆ ತುಂಬಿದ ಹುಡುಗರು ತೂಕಡಿಸುತ್ತಾರೆ, ಎಚ್ಚರ ಇದ್ದವರು ಮೂರರ ಬಸ್ಸಿನ ಮೇಲೆ ಕಣ್ಣಿಟ್ಟಿರುತ್ತಾರೆ. ಹೊಸದಾಗಿ ಬಂದ ಅತಿಥಿ ಉಪನ್ಯಾಸಕಿಗೆ ಮಾರುಕಟ್ಟೆ ನಿರ್ವಹಣೆಯ ಪತ್ರಿಕೆಯನ್ನೂ ಆ ಹಾಲ್ ಅನ್ನೂ ಒಟ್ಟಿಗೆ ಕೊಟ್ಟು ಕೈತೊಳೆದುಕೊಂಡೆ. ಮೂವತ್ತರ ಆಸುಪಾಸಿನವರು, ಸಣ್ಣ ಜೀವ, ಅದಕ್ಕಿಂತ ಸಣ್ಣ ದನಿ. ಬನಹಟ್ಟಿಯ ಬಸ್ಸಿಗೆ ಬಂದು ಬನಹಟ್ಟಿಯ ಬಸ್ಸಿಗೆ ಹೋಗುತ್ತಿದ್ದರು.

ಎರಡನೇ ದಿನವೇ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದರು. "ಸರ್, ಡಿಪಾರ್ಟ್‌ಮೆಂಟಿನ್ಯಾಗ ಒಂದು ಮೈಕ್ ಐತಂತಲ್ರಿ. ಸಿಗತೈತೇನ್ರಿ? ಹಿಂದಿನ ಬೆಂಚಿಗೆ ನನ್ನ ದನಿ ಮುಟ್ಟವಲ್ದು."

"ಅದು ಕೆಟ್ಟೈತ್ರಿ ಮೇಡಂ. ರಿಪೇರಿಗೆ ಕೊಡಬೇಕು," ಅಂದೆ.

ಕೆಟ್ಟಿರಲಿಲ್ಲ. ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಸ್ಪೀಕರಿನ ಆ ಮೈಕ್ ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು, ಬೀಗದ ಕೈ ನನ್ನ ಜೇಬಿನಲ್ಲಿತ್ತು. ಗಂಟಲಿಲ್ಲದವರು ಈ ಕಸುಬಿಗೆ ಯಾಕೆ ಬರಬೇಕು ಎಂದು ಅನಿಸಿದ್ದಷ್ಟೇ ನೆನಪಿದೆ. ವಾರ ಕಳೆಯುವುದರೊಳಗೆ ಮೇಡಂ ದನಿ ಪೂರ್ತಿ ಕೂತುಹೋಯಿತು. ಮೆಣಸು ಬೆಲ್ಲ ಬಾಯಲ್ಲಿಟ್ಟುಕೊಳ್ಳಿ ಎಂದು ಮುಖ ಸಣ್ಣದು ಮಾಡಿಕೊಂಡು ಸಲಹೆ ಕೊಟ್ಟವನೂ ನಾನೇ.

ಕಿಟಕಿಯಲ್ಲಿ ಇಣುಕಿದ ದಿನ ಸಂಜೆ ಮನೆಗೆ ಬಂದವನು ಸುಮ್ಮನಿರಬೇಕಿತ್ತು. ಚಹಾ ಕುಡಿಯುತ್ತ ಮಗಳನ್ನು ಕೇಳಿದೆ. "ಆ ಮೇಡಂ ಕ್ಲಾಸಿನ್ಯಾಗ ಏನ್ ನಡದೈತಿ? ಏನ್ ಕಲಸ್ತಾರ ಅವರು?"

"ಅಪ್ಪಾ, ಅದನ್ನ ಹೇಳಾಕ ಬರೂದಿಲ್ಲ. ಅಲ್ಲಿ ಬಂದು ಕೂತ್ರ ಗೊತ್ತಾಗತೈತಿ."

"ನನ್ನ ಕ್ಲಾಸಿನ್ಯಾಗ ಕೂತ್ರ ಏನ್ ಗೊತ್ತಾಗತೈತಿ?"

ಅವಳು ಸ್ವಲ್ಪ ಯೋಚಿಸಿದಳು. ಕೀಟಲೆ ಮಾಡುತ್ತಿರಲಿಲ್ಲ, ನಿಜವಾಗಿಯೂ ಯೋಚಿಸಿದಳು. "ಪರೀಕ್ಷಾಕ್ಕ ಏನ್ ಬರತೈತಿ ಅನ್ನೂದು ಗೊತ್ತಾಗತೈತಿ," ಅಂದಳು.

ಒಳಗಿಂದ ನನ್ನ ಹೆಂಡತಿ ನಕ್ಕಳು. ನಾನು ಅವಳ ಕಡೆ ಕೆಕ್ಕರಿಸಿ ನೋಡಿದರೆ, "ಸುಳ್ಳೇನ್ ಹೇಳ್ಯಾಳ್ರಿ ಅಕಿ?" ಎಂದು ಮತ್ತೆ ನಕ್ಕಳು. ಚಹಾ ಅರ್ಧಕ್ಕೇ ಬಿಟ್ಟೆದ್ದೆ.

ಅಲ್ಲಿಂದ ನನಗೆ ಅದೇ ಕೆಲಸವಾಯಿತು. ಊಟದ ಡಬ್ಬಿಯನ್ನು ಎರಡೆರಡು ಸಲ ತೊಳೆಯಲು ಹೋಗುತ್ತಿದ್ದೆ, ದಾರಿ ದೊಡ್ಡ ಹಾಲ್‌ನ ಮುಂದೆಯೇ ಇತ್ತು. ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಒಳಗೆ ಎಲ್ಲರೂ ಒಟ್ಟಿಗೆ ನಗುತ್ತಿದ್ದರು. ಯಾವುದಕ್ಕೆ ನಕ್ಕರೆಂದು ಹೊರಗಿದ್ದವನಿಗೆ ತಿಳಿಯುತ್ತಿರಲಿಲ್ಲ, ಅಲ್ಲಿ ಮಾತೇ ಇರುತ್ತಿರಲಿಲ್ಲವಲ್ಲ. ನನ್ನನ್ನೇ ನೋಡಿ ನಕ್ಕರೇನೋ ಅನಿಸಿ ಕಾಲು ಬೇಗ ಹಾಕುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಅರ್ಥಶಾಸ್ತ್ರದವರು ಅದಕ್ಕೊಂದು ವಿವರಣೆ ಕೊಟ್ಟರು. "ಬನಹಟ್ಟಿ ಮಗ್ಗದ ಶೆಡ್ಡಿನ್ಯಾಗ ಹೋಗಿ ನೋಡ್ರಿ. ಆ ಸಪ್ಪಳದಾಗ ಯಾರ ಮಾತು ಯಾರಿಗೂ ಕೇಳೂದಿಲ್ಲ. ಎಲ್ಲಾ ಕೈಸನ್ನಿನ. ಮೇಡಂ ಅದನ್ನ ಕ್ಲಾಸಿಗೆ ತಂದಾರ."

ಓಹೋ, ಇಷ್ಟೇನಾ ಅನಿಸಿತು. ಮಗ್ಗದ ಮನೆಯ ಹೆಣ್ಣುಮಗಳು, ಮನೆಯಿಂದ ಒಂದು ಉಪಾಯ ಹೊತ್ತು ತಂದಿದ್ದಾಳೆ. ಉಪಾಯ ಅಂದಮೇಲೆ ಅದು ಯಾರ ಸ್ವತ್ತೂ ಅಲ್ಲ, ಕಲಿತರೆ ನನಗೂ ಬರುತ್ತದೆ. ಮುಂದಿನ ಭಾನುವಾರ ಮನೆಯಲ್ಲಿ ಏನೋ ನೆಪ ಹೇಳಿ ಬನಹಟ್ಟಿಗೆ ಹೋದೆ. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎಂಟು ಮಗ್ಗ ಹಾಕಿಕೊಂಡಿದ್ದ. ಶೆಡ್ಡಿನೊಳಗೆ ಕಾಲಿಟ್ಟರೆ ಕಿವಿಯಷ್ಟೇ ಅಲ್ಲ, ಎದೆಯೂ ನಡುಗುತ್ತಿತ್ತು. ಆ ತುದಿಯ ಮಗ್ಗದ ಹೆಂಗಸು ಈ ತುದಿಯವಳಿಗೆ ಎರಡು ತೋರುಬೆರಳು ಕೂಡಿಸಿ ಬೇರ್ಪಡಿಸಿ ತೋರಿಸಿದಳು. ಎಳೆ ಹರಿದಿದೆ ಎಂದರ್ಥ. ಇವಳು ಹೆಬ್ಬೆರಳು ಕೆಳಗೆ ಮಾಡಿ ತಿರುವಿದಳು. ನೂಲು ಸುತ್ತಿದ ನನ್ನ ಕಂಡಿಕಿಯೂ ಮುಗಿದಿದೆ, ತಡಿ ಎಂದರ್ಥ. ಉಂಡೆಯಾ, ಮಗಳು ಸಾಲಿಯಿಂದ ಬಂದಳಾ, ಕರೆಂಟು ಯಾವಾಗ ಹೋಗುತ್ತದೆ, ಎಲ್ಲದಕ್ಕೂ ಕೈ ಇತ್ತು. ನಾನು ಜೇಬಿನ ಡೈರಿಯಲ್ಲಿ ಇಪ್ಪತ್ತು ಸನ್ನೆಗಳನ್ನು ಕ್ರಮಸಂಖ್ಯೆ ಹಾಕಿ ಬರೆದುಕೊಂಡೆ.

"ಸರ್, ಇದನ್ನ ಕಲತು ಏನ್ ಮಾಡತೀರಿ?" ಹಳೆಯ ವಿದ್ಯಾರ್ಥಿಗೆ ನಗು ತಡೆಯಲಾಗುತ್ತಿರಲಿಲ್ಲ.

"ಸಂಶೋಧನಾಕ್ಕ ಬೇಕಾಗೈತಿ," ಅಂದೆ.

ಮಗಳ ಸೆಕ್ಷನ್ನಿಗೆ ನಾನು ಬೆಳಿಗ್ಗೆ ವ್ಯವಹಾರ ಕಾನೂನು ಕಲಿಸುತ್ತಿದ್ದೆ. ಸೋಮವಾರ ನೋಟ್ಸಿನ ಫೈಲು ಬಿಟ್ಟು ಬರಿಗೈಯಲ್ಲಿ ಹೋದೆ. ಅದನ್ನು ಕಂಡೇ ಮುಂದಿನ ಸಾಲಿನವರು ಮುಖ ಮುಖ ನೋಡಿಕೊಂಡರು. ಒಪ್ಪಂದದ ಬಗ್ಗೆ ಒಂದು ಪ್ರಶ್ನೆ ಬೋರ್ಡಿನ ಮೇಲೆ ಬರೆದು, ಮೂರು ಉತ್ತರ ಬರೆದು, ತಿರುಗಿ ನಿಂತು, ಎರಡೂ ಕೈ ಮೇಲೆತ್ತಿದೆ. ನೂರಿಪ್ಪತ್ತು ಜನ ನನ್ನನ್ನೇ ನೋಡಿದರು. ಶೆಡ್ಡಿನಲ್ಲಿ ಕಲಿತದ್ದನ್ನು ಒಂದಾದಮೇಲೊಂದು ಮಾಡಿ ತೋರಿಸಿದೆ. ಬೆರಳು ಕೂಡಿಸಿದೆ, ಬೇರ್ಪಡಿಸಿದೆ, ತಿರುವಿದೆ. ಒಂದು ಕೈಯೂ ಮೇಲೇಳಲಿಲ್ಲ. ಕೊನೆಗೆ ಬನಹಟ್ಟಿಯ ಒಬ್ಬ ಹುಡುಗಿ ಎದ್ದು ನಿಂತಳು.

"ಸರ್, ಇವು ಶೆಡ್ಡಿನ ಸನ್ನಿರಿ. ನಮ್ಮ ಕ್ಲಾಸಿನವು ಬ್ಯಾರೆ ಅದಾವ್ರಿ. ಅವನ್ನ ನಾವ ಮಾಡೇವ್ರಿ."

ನಗುವವರು ನಗಲಿಲ್ಲ, ಪಾಪ. ತುಟಿ ಬಿಗಿಹಿಡಿದು ಕೂತಿದ್ದರು. ಮಗಳು ತಲೆ ತಗ್ಗಿಸಿ ಬೆಂಚಿನ ಮೇಲೆ ಉಗುರಿನಿಂದ ಗೀರುತ್ತಿದ್ದಳು. ನಾನು ಇಂಗು ತಿಂದ ಮಂಗನಂತೆ ಒಂದು ಗಳಿಗೆ ನಿಂತು, ಆಮೇಲೆ ನನ್ನ ಹಳೆಯ ಗಂಟಲಿಗೆ ಮರಳಿದೆ. "ಬರಕೋರಿ!" ಎಂದು ಗುಡುಗಿದೆ. ನೂರಿಪ್ಪತ್ತು ಪೆನ್ನುಗಳು ಒಮ್ಮೆಗೇ ಹೊರಬಂದವು. ಎಲ್ಲರ ಮುಖದ ಮೇಲೂ ಎಂಥ ನಿರಾಳ! ಅವರು ನಕ್ಕಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ.

'ನಾವ ಮಾಡೇವ್ರಿ' ಎಂಬ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಎರಡು ದಿನ ತಡೆದುಕೊಂಡು, ಮೂರನೇ ದಿನ ಮೇಡಂ ಏನೋ ಸಹಿಗೆಂದು ಬಂದಾಗ ಸಹಜವಾಗಿ ಕೇಳುವವನಂತೆ ಕೇಳಿದೆ. "ನಿಮ್ಮ ಮನಿಯೊಳಗ ಎಷ್ಟು ಮಗ್ಗ ಅದಾವ್ರಿ ಮೇಡಂ?"

"ಮಗ್ಗಾ?" ಅವರು ಕಣ್ಣು ಬಿಟ್ಟರು. "ಇಲ್ರಿ ಸರ್, ನಮ್ಮದು ಬೀಳಗಿ ಕಡೆ ಹಳ್ಳಿ. ನಮ್ಮಪ್ಪಾರು ಸಾಲಿ ಮಾಸ್ತರ ಇದ್ರು. ಬನಹಟ್ಟಿಯೊಳಗ ಬಾಡಿಗಿ ಮನಿ ಮಾಡೇವಷ್ಟ."

"ಮತ್ತ ಆ ಸನ್ನಿ?"

ಮೇಡಂ ಕುರ್ಚಿಯ ತುದಿಯಲ್ಲಿ ಕೂತು ಹೇಳಿದರು. ದನಿ ಕೂತುಹೋದ ದಿನ ರಜೆ ಹಾಕಲು ಮನಸ್ಸು ಬರದೆ ಹಾಲ್‌ಗೆ ಹೋಗಿದ್ದರಂತೆ. ಬೋರ್ಡಿನ ಮೇಲೆ ಬರೆದೇ ಪಾಠ ಮಾಡೋಣವೆಂದು ಬರೆಯುತ್ತಿದ್ದಾಗ, ಕೊನೆಯ ಸಾಲಿನ ಇಬ್ಬರು ಬನಹಟ್ಟಿ ಹುಡುಗಿಯರು ಹಾಲ್‌ನ ಈ ಮೂಲೆಯಿಂದ ಆ ಮೂಲೆಗೆ ಕೈಯಲ್ಲೇ ಮಾತಾಡುವುದು ಕಂಡಿತು. "ಮೊದಲ ಸಿಟ್ಟ ಬಂತ್ರಿ. ಆಮ್ಯಾಲ ಬೋರ್ಡಿನ ಮ್ಯಾಲ ಬರದು ಕೇಳಿದೆ, ಏನ್ ಮಾತಾಡಾಕತ್ತೀರಿ, ನಮಗೂ ಹೇಳಿಕೊಡ್ರಿ ಅಂತ. ಹೇಳಿಕೊಟ್ರು ನೋಡ್ರಿ! ಬೀಳಗಿ ಕಡೆ ಕುರಿ ಕಾಯೋ ಮನಿತನದ ಒಬ್ಬಾಕಿ ಅದಾಳ್ರಿ, ಅಕಿ ಅವರಜ್ಜ ಗುಡ್ಡದ ಮ್ಯಾಲಿಂದ ಹೆಂಗ ಕರೀತಾನ ಅನ್ನೂದನ್ನ ತೋರಿಸಿದ್ಲು. ಮುಧೋಳದವರು ಕಬ್ಬಿನ ಟ್ರ್ಯಾಕ್ಟರ್ ಹಿಂದ ತಗಸೂದು ತೋರಿಸಿದ್ರು. ಎಲ್ಲಾ ಕೂಡಿಸಿ ಅವರ ಒಂದು ಮಾಡಿಕೊಂಡ್ರು. ನಾನೂ ಅವರ ಕಡೀಂದನ ಕಲತೇನ್ರಿ."

ಮೇಡಂ ಎದ್ದು, ಬಾಗಿಲ ಹತ್ತಿರ ಹೋದವರು ನಗುತ್ತ ತಿರುಗಿದರು. "ಖರೆ ಹೇಳಬೇಕಂದ್ರ ಆ ಮೈಕ್ ಕೆಟ್ಟಿದ್ದ ಛಲೋ ಆತ್ರಿ ಸರ್. ಇದ್ದಿದ್ರ ನಾನೂ ಓದಿ ಹೇಳಿ ಹೋಗ್ತಿದ್ದೆ."

ಕಪಾಟು ನನ್ನ ಬೆನ್ನಿಗೇ ಇತ್ತು. ಅಲ್ಲಿಯವರೆಗೆ ನನಗೆ ಅವರ ಕ್ಲಾಸಿನ ಮೇಲಷ್ಟೇ ಹೊಟ್ಟೆಕಿಚ್ಚಿತ್ತು. ಆ ಗಳಿಗೆಯಿಂದ ಅವರ ಮೇಲೆಯೇ ಸಿಟ್ಟು ಬಂತು. ನಾನು ಮಾಡಿದ ಕೇಡನ್ನೂ ಒಳ್ಳೆಯದು ಮಾಡಿಕೊಂಡು ಕೂತಿದ್ದರಲ್ಲ, ಅದನ್ನು ಸಹಿಸುವುದು ನನ್ನಿಂದ ಆಗಲಿಲ್ಲ.

ಅತಿಥಿ ಉಪನ್ಯಾಸಕರನ್ನು ಮುಂದುವರಿಸಬೇಕೋ ಬೇಡವೋ ಎಂಬುದಕ್ಕೆ ನಮ್ಮಲ್ಲಿ ವಿಭಾಗದ ಮುಖ್ಯಸ್ಥ ಒಂದು ಕ್ಲಾಸಿನಲ್ಲಿ ಕೂತು ವರದಿ ಬರೆಯುವ ಪದ್ಧತಿ ಇದೆ. ಸಾಮಾನ್ಯವಾಗಿ ಯಾರೂ ಕೂರುವುದಿಲ್ಲ, ಸ್ಟಾಫ್ ರೂಮಿನಲ್ಲೇ ಚಹಾ ಕುಡಿಯುತ್ತ ತುಂಬಿ ಕೊಡುತ್ತೇವೆ. ನಾನೂ ಅಷ್ಟು ವರ್ಷ ಹಾಗೆಯೇ ಮಾಡಿದ್ದೆ. ಆದರೆ ಈ ಸಲ ಪ್ರಾಚಾರ್ಯರು ಫಾರ್ಮ್ ಕೊಟ್ಟಾಗ, ಕೂತೇ ಬರೆಯುತ್ತೇನೆ ಅಂದೆ. ಅವರಿಗೆ ಆಶ್ಚರ್ಯವಾಯಿತು, ನಿಷ್ಠೆ ಎಂದುಕೊಂಡರೇನೋ. ನಾನು ಹೋದದ್ದು ಹುಳುಕು ಹುಡುಕಲು.

ಕೊನೆಯ ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು. ಮೇಡಂ ನನಗೆ ನಮಸ್ಕಾರ ಮಾಡಿ ಬೋರ್ಡಿನ ಕಡೆ ತಿರುಗಿದರು. ದನಿ ಅಷ್ಟರಲ್ಲಿ ಮರಳಿತ್ತು, ಆದರೂ ಮೊದಲಿನಂತೆ ಸಣ್ಣದೇ. ಪ್ರಶ್ನೆ ಹೀಗಿತ್ತು: ಮುಧೋಳ ಕಡೆಯ ಒಬ್ಬ ರೈತ ಏನನ್ನೂ ಬೆರೆಸದ ಬೆಲ್ಲ ಮಾಡುತ್ತಾನೆ, ಅದು ಕಪ್ಪಗಿರುತ್ತದೆ, ಪೇಟೆಯವರಿಗೆ ಹಳದಿ ಬೆಲ್ಲ ಬೇಕು. ಅವನು ಬೆಲ್ಲವನ್ನು ಹಳದಿ ಮಾಡಬೇಕೋ, ಚೀಟಿ ಅಂಟಿಸಿ ತಿಳಿಹೇಳಬೇಕೋ, ಕೊಳ್ಳುವವರನ್ನೇ ಬದಲಿಸಬೇಕೋ? ಒಂದು, ಎರಡು, ಮೂರು. ಮೇಡಂ ಅಂಗೈ ಎತ್ತಿದರು. ನನ್ನ ಪಕ್ಕದ ಹುಡುಗಿ ಮೊಣಕೈಯಿಂದ ಮೆಲ್ಲಗೆ ತಿವಿದಳು. "ಸರ್, ನೀವೂ ಎತ್ರಿ. ಇಲ್ಲಿ ಕೂತವರು ಎತ್ತಾಕ ಬೇಕು."

ಎರಡು ಬೆರಳು ಎತ್ತಿದೆ. ಮಾರುಕಟ್ಟೆಯಲ್ಲಿ ಗ್ರಾಹಕರಿಗೆ ತಿಳಿವಳಿಕೆ ನೀಡುವುದು ಮುಖ್ಯ, ನನ್ನ ನೋಟ್ಸಿನಲ್ಲಿ ನಾಲ್ಕನೇ ಅಂಶ ಅದು.

ಮೇಡಂ ಬೆರಳು ತಿರುವಿದರು. ಸುತ್ತ ಪಿಸುಮಾತು ಎದ್ದಿತು. ಪಕ್ಕದ ಹುಡುಗಿ ನನ್ನನ್ನು ಬಿಡಲಿಲ್ಲ. "ಸರ್, ನಮ್ಮವ್ವ ಚೀಟಿ ಓದೂದಿಲ್ರಿ. ಸೀರಿ ತಗೊಳ್ಳೂ ಮುಂದ ಸೆರಗು ಮುಟ್ಟಿ ನೋಡ್ತಾಳ, ಅಂಗಡ್ಯಾಂವ ಎಷ್ಟ್ ಹೇಳಿದ್ರೂ ಕೇಳೂದಿಲ್ಲ. ಬೆಲ್ಲಾನೂ ಹಂಗ ಅಲ್ಲೇನ್ರಿ? ಬಾಯಾಗ ಹಾಕಿದ್ರ ತಿಳೀತೈತಿ. ಕಪ್ಪು ಬೆಲ್ಲ ತಿಂದು ಬೆಳದವರು ಯಾವ ಊರಾಗ ಅದಾರ ಅನ್ನೂದನ್ನ ಅಂವ ಹುಡುಕಬೇಕ್ರಿ." ಮೇಡಂ ಮುಷ್ಟಿ ಕಟ್ಟಿ ಮತ್ತೆ ಅಂಗೈ ಎತ್ತಿದಾಗ ನಾನು ಮೂರು ಬೆರಳು ಎತ್ತಿದ್ದೆ.

"ಮನಸ್ಸು ಬದಲಿಸಿದವರು ಏಳ್ರಿ," ಅಂದರು ಮೇಡಂ.

ಅರವತ್ತು ಎಪ್ಪತ್ತು ಜನ ಎದ್ದರು, ನಾಚಿಕೆಯಿಲ್ಲದೆ, ಒಬ್ಬರನ್ನೊಬ್ಬರು ನೋಡಿ ನಗುತ್ತ. ಪಕ್ಕದ ಹುಡುಗಿ ನನ್ನ ಕಡೆ ನೋಡಿದಳು. ನಾನು ಏಳಲಿಲ್ಲ. ಫಾರ್ಮಿನಲ್ಲಿ ಏನೋ ಬರೆಯುವವನಂತೆ ತಲೆ ತಗ್ಗಿಸಿದೆ.

ಎದ್ದವರಲ್ಲಿ ನನ್ನ ಮಗಳೂ ಇದ್ದಳು. ಮೇಡಂ ಅವಳ ಕಡೆ ಕೈ ಮಾಡಿದರು. ಮೊದಲು ಯಾಕೆ ಒಂದು ಬೆರಳು ಎತ್ತಿದ್ದಳು, ಪಕ್ಕದವಳ ಯಾವ ಮಾತಿಗೆ ಅದು ಬಿದ್ದುಹೋಯಿತು, ಈಗಲೂ ಯಾವ ಅನುಮಾನ ಉಳಿದಿದೆ, ಒಂದೊಂದನ್ನೇ ಹೇಳಿದಳು. ತಡವರಿಸಲಿಲ್ಲ. ಇಡೀ ಹಾಲ್ ಅವಳ ಮಾತು ಕೇಳುತ್ತಿತ್ತು. ಮೇಡಂ ಸರಿ ಅನ್ನಲಿಲ್ಲ, ತಪ್ಪು ಅನ್ನಲಿಲ್ಲ. "ಇದಕ್ಕ ಯಾರು ಒಪ್ಪೂದಿಲ್ಲ?" ಎಂದರು. ನಲವತ್ತು ಮುಷ್ಟಿ ಎದ್ದವು. ಮಗಳು ಅವುಗಳ ಕಡೆ ತಿರುಗಿ, ಬರ್ರಿ ನೋಡೋಣ ಎಂಬಂತೆ ನಕ್ಕಳು. ಹತ್ತೊಂಬತ್ತು ವರ್ಷ ಆ ಮುಖ ನೋಡಿದ್ದೇನೆ. ಅಂಥ ನಗು ನಾನು ಕಂಡಿರಲಿಲ್ಲ, ಅದನ್ನು ಹೊರಗೆ ತಂದದ್ದು ನಾನಲ್ಲ.

ಫಾರ್ಮಿನಲ್ಲಿ ಏಳು ಕಾಲಂಗಳಿದ್ದವು. ವಿಷಯಜ್ಞಾನ, ಸಮಯಪಾಲನೆ, ನಡವಳಿಕೆ ಇಂಥವಕ್ಕೆಲ್ಲ ತೃಪ್ತಿಕರ, ತೃಪ್ತಿಕರ ಎಂದು ಬರೆದೆ. 'ಪಠ್ಯಕ್ರಮ ಪೂರ್ಣಗೊಳಿಸುವಿಕೆ' ಎಂಬಲ್ಲಿಗೆ ಬಂದಾಗ ಪೆನ್ನಿಗೆ ಉತ್ಸಾಹ ಬಂತು. ಐದು ಘಟಕಗಳಲ್ಲಿ ಎರಡೂವರೆ ಮಾತ್ರ ಆಗಿದ್ದವು, ಸೆಮಿಸ್ಟರ್ ಮುಗಿಯಲು ಒಂದು ತಿಂಗಳು ಬಾಕಿ ಇತ್ತು. 'ನಿಗದಿತ ಪಠ್ಯಕ್ರಮದಲ್ಲಿ ಬಹಳ ಹಿಂದಿದ್ದಾರೆ. ವಿದ್ಯಾರ್ಥಿಗಳ ಹಿತದೃಷ್ಟಿಯಿಂದ ಬದಲಿ ವ್ಯವಸ್ಥೆ ಅಗತ್ಯ' ಎಂದು ದುಂಡಗೆ ಬರೆದು ಸಹಿ ಹಾಕಿದೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮೂರು ದಿನ ನನಗೆ ನಾನೇ ಅದನ್ನು ಹೇಳಿಕೊಂಡೆ, ಒಂದಕ್ಷರ ಸುಳ್ಳಿಲ್ಲ, ಒಂದಕ್ಷರ ಸುಳ್ಳಿಲ್ಲ. ನಿಜ ಬರೆದವನು ಅಷ್ಟು ಸಲ ಹೇಳಿಕೊಳ್ಳಬೇಕಾಗುವುದಿಲ್ಲ.

ಪ್ರಾಚಾರ್ಯರು ಫಲಿತಾಂಶಕ್ಕೆ ಹೆದರುವ ಮನುಷ್ಯ. ವಾರದೊಳಗೆ ಮಾರುಕಟ್ಟೆ ನಿರ್ವಹಣೆ ಕಲಿಸುವುದು ಮತ್ತೆ ನನಗೆ ಬಂತು, ಮುಂದಿನ ಸೆಮಿಸ್ಟರಿಗೆ ಮೇಡಂ ಬೇಡವೆಂದಾಯಿತು. ಅವರು ಹಾಜರಿ ಪುಸ್ತಕ ಒಪ್ಪಿಸಲು ನನ್ನ ಕೋಣೆಗೆ ಬಂದರು. ಅಳಬಹುದು, ಜಗಳ ತೆಗೆಯಬಹುದು ಎಂದು ನಾನು ಮಾತು ಜೋಡಿಸಿಟ್ಟುಕೊಂಡಿದ್ದೆ.

"ಸರ್, ರಿಪೋರ್ಟ್ ಓದಿದ್ನಿರಿ. ನೀವು ಬರದದ್ದು ಖರೆ ಐತಿ. ನಾ ಹಿಂದ ಬಿದ್ದಿದ್ದೆ," ಅಂದರು. ಹಾಜರಿ ಪುಸ್ತಕವನ್ನು ಮೇಜಿನ ಮೇಲಿಟ್ಟು ಅಂಚು ಸರಿಮಾಡಿದರು. "ಆದ್ರ ಒಂದು ಕಾಲಂ ಖಾಲಿ ಬಿಟ್ಟೀರಿ."

"ಯಾವುದ್ರಿ?"

"ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆ."

ಮರೆತು ಬಿಟ್ಟದ್ದಲ್ಲ ಎಂದು ಅವರಿಗೂ ಗೊತ್ತಿತ್ತು. ಅಲ್ಲಿ ಖರೆ ಬರೆಯಲು ಮನಸ್ಸು ಬರಲಿಲ್ಲ, ಸುಳ್ಳು ಬರೆಯಲು ಕೈ ಬರಲಿಲ್ಲ. ಅವರು ಉತ್ತರಕ್ಕೆ ಕಾಯದೆ, "ಬರ್ತೇನ್ರಿ ಸರ್," ಎಂದು ಹೋದರು. ಈಗ ಮುಧೋಳದ ಕಡೆ ಎಲ್ಲೋ ಕಲಿಸುತ್ತಿದ್ದಾರೆಂದು ಕೇಳಿದ್ದೇನೆ. ಅಲ್ಲಿಯೂ ಕ್ಲಾಸು ಕಿಕ್ಕಿರಿದು ಹುಡುಗರು ಗೋಡೆಗೆ ಒರಗಿ ನಿಂತು ಕೇಳುತ್ತಾರಂತೆ. ಯಾರಾದರೂ ಅದನ್ನು ಹೇಳಿದರೆ ಈಗಲೂ ನಾನು ಮಾತು ಬದಲಿಸುತ್ತೇನೆ.

ಹಾಲ್ ಮತ್ತೆ ನನ್ನದಾಯಿತು. ಮೊದಲ ದಿನ ಒಳಗೆ ಹೋದಾಗ ಇನ್ನೂರ ನಲವತ್ತು ಜನ ಎದ್ದು ನಿಂತು, ಕೂತು, ನೋಟ್‌ಬುಕ್ ತೆಗೆದರು. ಯಾರೂ ಗಲಾಟೆ ಮಾಡಲಿಲ್ಲ, ಯಾರೂ ಮೇಡಂ ಹೆಸರು ಎತ್ತಲಿಲ್ಲ. ನಾನು ಹೇಳಿದೆ, ಅವರು ಬರೆದರು. ಹತ್ತು ಹನ್ನೆರಡು ದಿನವಾದ ಮೇಲೆ ಏನೋ ಆಸೆಯಿಂದ, ವಿತರಣೆಯ ಅಂಶಗಳನ್ನು ಹೇಳುತ್ತಿದ್ದವನು ನಡುವೆ ನಿಲ್ಲಿಸಿ, "ಇದಕ್ಕ ಯಾರರ ಒಪ್ಪೂದಿಲ್ಲೇನು?" ಎಂದು ಕೇಳಿದೆ. ಯಾರೂ ಕೈ ಎತ್ತಲಿಲ್ಲ. ಹಟದಿಂದ ಸುಮ್ಮನಿದ್ದಾರೆಂದು ನೋಡಿದರೆ ಹಾಗೂ ಅಲ್ಲ. ಪೆನ್ನು ಹಾಳೆಯ ಮೇಲೆ ಊರಿಕೊಂಡು, ಆ ಪ್ರಶ್ನೆಗೂ ನಾನೇ ಉತ್ತರ ಹೇಳಲಿ, ಬರೆದುಕೊಳ್ಳೋಣ ಎಂದು ಕಾಯುತ್ತಿದ್ದರು. ಬೆಲ್ಲದ ಮಾತಾಡಿದ್ದ ಹುಡುಗಿಯೂ ಹಾಗೆಯೇ ಕಾಯುತ್ತಿದ್ದಳು. ನಾನು ಮುಂದಿನ ಅಂಶ ಹೇಳಿದೆ.

ಐದೂ ಘಟಕಗಳು ಪರೀಕ್ಷೆಗೆ ನಾಲ್ಕು ದಿನ ಮೊದಲೇ ಮುಗಿದವು. ಪ್ರಾಚಾರ್ಯರು ಬೆನ್ನು ಚಪ್ಪರಿಸಿದರು. ಅವತ್ತು ಸಂಜೆ ಮನೆಗೆ ಹೋಗುವಾಗ ಚುರುಮುರಿ, ಮಿರ್ಚಿ ಕಟ್ಟಿಸಿಕೊಂಡು ಹೋದೆ. ಮಗಳು ಪಡಸಾಲೆಯಲ್ಲಿ ಓದುತ್ತ ಕೂತಿದ್ದಳು. ಅವಳ ಮುಂದೆ ಪೊಟ್ಟಣ ಬಿಚ್ಚಿಟ್ಟು, ಎಷ್ಟೋ ದಿನಗಳಿಂದ ಒಳಗೇ ಇಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟೆ.

"ಎಲ್ಲಾ ಮುಗೀತು ನೋಡವಾ. ಹೆಂಗಿತ್ತು ನನ್ನ ಕ್ಲಾಸು?"

ಅವಳು ಎದ್ದು ನಿಂತಳು. ಒಳಗೆ ಹೋಗಿ ಮಾರುಕಟ್ಟೆ ನಿರ್ವಹಣೆಯ ನೋಟ್‌ಬುಕ್ ತಂದು, ಕೊನೆಯ ಪುಟ ತೆರೆದು, ಎರಡೂ ಕೈಯಲ್ಲಿ ಹಿಡಿದು, ಕ್ಲಾಸಿನಲ್ಲಿ ಸಹಿಗೆ ಕೊಡುವಂತೆ ನನ್ನ ಮುಂದೆ ಚಾಚಿದಳು. ತಲೆಬರಹಗಳಿಗೆಲ್ಲ ಕೆಂಪು ಗೆರೆ ಎಳೆದಿತ್ತು. ನಾನು ಹೇಳಿದ್ದರಲ್ಲಿ ಒಂದು ಅಲ್ಪವಿರಾಮವನ್ನೂ ಬಿಟ್ಟಿರಲಿಲ್ಲ.

"ಎಲ್ಲಾ ಬರಕೊಂಡೇನ್ರಿ ಸರ್," ಅಂದಳು.

ತಮಾಷೆಯಿರಬೇಕೆಂದು ಮುಖ ನೋಡಿದೆ. ತಮಾಷೆಯಿರಲಿಲ್ಲ, ಸಿಟ್ಟೂ ಇರಲಿಲ್ಲ. ದೊಡ್ಡ ಹಾಲ್‌ನಲ್ಲಿ ಎಲ್ಲರ ಮುಖ ಹೇಗಿರುತ್ತಿತ್ತೋ ಹಾಗೆಯೇ ಇತ್ತು. ಹೆಂಡತಿ ಒಳಗಿಂದ ಬಂದು, "ಏ ಹುಡುಗಿ, ಮನಿಯಾಗ ಯಾಂವ ಸರ್ ನಿನಗ? ಅಪ್ಪಗ ಹಂಗ ಅಂತಾರೇನು?" ಎಂದು ಗದರಿದಳು. ಮಗಳು ಕೈ ಹಿಂದೆ ತೆಗೆದುಕೊಳ್ಳಲಿಲ್ಲ. ನಾನು ಏನಾದರೂ ಹೇಳಬೇಕಿತ್ತು. ಮೈಕಿನ ಸಂಗತಿ, ಫಾರ್ಮಿನ ಸಂಗತಿ, ಕೊನೆಯ ಬೆಂಚಿನಲ್ಲಿ ಎದ್ದು ನಿಲ್ಲದ ಸಂಗತಿ, ಯಾವುದಾದರೊಂದನ್ನು ಅಲ್ಲೇ ಹೇಳಿದ್ದರೆ ಅವಳು ಬಹುಶಃ ಆ ಪುಸ್ತಕವನ್ನು ಮಡಚುತ್ತಿದ್ದಳು. ಜೇಬಿನಿಂದ ಪೆನ್ನು ತೆಗೆದೆ. ಕೊನೆಯ ಸಾಲಿನ ಕೆಳಗೆ ಸಹಿ ಮಾಡಿ, ತಾರೀಖು ಹಾಕಿ ಕೊಟ್ಟೆ.